ಗೇಟಿನ ಸರಪಳಿ

ಆ ದಿನ ಬೆಳಿಗ್ಗೆ ನಾನು ಎಮ್ಮೆ ಹಿಂಡುತ್ತ ಕೂತಿದ್ದೆ. ಚರಿಗೆ ಅರ್ಧಕ್ಕೆ ಬಂದಿತ್ತು. ಬೆಳಗಿನ ಪ್ಯಾಸೆಂಜರ್ ಗಾಡಿಯ ಕೂಗು ಕೇಳಿತು. ನಮ್ಮ ಊರಿನಿಂದ ರೈಲ್ವೆ ಗೇಟು ಒಂದು ಕಿಲೋಮೀಟರು. ಗಾಡಿ ಅಲ್ಲಿ ಎರಡು ಸಲ ಕೂಗಿ ದಾಂಡೇಲಿ ಕಡೆಗೆ ಹೋಗುತ್ತದೆ. ಆ ಎರಡು ಕೂಗಿನ ಲೆಕ್ಕದ ಮೇಲೆಯೇ ನಾನು ಹಿಂಡುವುದನ್ನು ಮುಗಿಸಿ ಏಳುವುದು. ಆ ದಿನ ಕೂಗು ನಿಲ್ಲಲಿಲ್ಲ. ಒಂದೇ ಸಮನೆ ಕೂಗುತ್ತ ಬಂದು, ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿದ ಸದ್ದಾಯಿತು. ಹಿಂದೆಯೇ ಏನೋ ಮುರಿದು ಬಿದ್ದ ಸದ್ದು. ಅಷ್ಟೇ. ಎಮ್ಮೆ ಬೆದರಿ ಹಿಂದಕ್ಕೆ ಜಗ್ಗಿತು, ಕೊರಳ ಸರಪಳಿ ಝಲ್ಲೆಂದಿತು, ಕಾಲು ತಾಗಿ ಚರಿಗೆ ಉರುಳಿತು.

ಹಾಲಿನ ಕಡೆ ನೋಡದೆ ನಾನು ಓಡಿದೆ. ಆ ಗೇಟಿನ ಗೇಟ್‌ಮ್ಯಾನ್ ನನ್ನ ಗಂಡ. ನನ್ನ ಎಂಟು ವರ್ಷದ ಮಗಳು ಸ್ವಪ್ನಾ ಅರ್ಧ ತಾಸಿನ ಹಿಂದೆ ಅಪ್ಪನ ಡಬ್ಬಿ ಹಿಡಿದುಕೊಂಡು ಅಲ್ಲಿಗೇ ಹೋಗಿದ್ದಳು. ಹಳಿಯಾಳದ ಶಾಲೆಗೆ ಹೋಗುವ ವ್ಯಾನು ಅವಳನ್ನು ಗೇಟಿನ ಹತ್ತಿರವೇ ಹತ್ತಿಸಿಕೊಳ್ಳುತ್ತದೆ.

"ಏನಾತ ರಾಜೀ? ಏನಾತ ಹೇಳಿ ಹೋಗ!" ಎಂದು ಅತ್ತೆ ಹಿಂದಿನಿಂದ ಕೂಗುತ್ತಿದ್ದರು. ಹೇಳಲು ನನಗೂ ಗೊತ್ತಿರಲಿಲ್ಲ.

ದೂರದಿಂದಲೇ ಕಂಡಿತು. ರೈಲು ಗೇಟನ್ನು ದಾಟಿ ಸ್ವಲ್ಪ ಮುಂದೆ ನಿಂತಿತ್ತು. ಕಬ್ಬಿನ ಟ್ರ್ಯಾಕ್ಟರು ಹಳಿ ದಾಟಿ ಆಚೆ ಇತ್ತು. ಅದರ ಹಿಂದಿನ ಟ್ರೇಲರ್ ಮಾತ್ರ ಕೊಂಡಿ ಕಿತ್ತು ಮಗುಚಿ ಬಿದ್ದಿತ್ತು. ಕಬ್ಬು ಹಳಿಯ ತುಂಬ ಚೆಲ್ಲಿತ್ತು. ಟ್ರ್ಯಾಕ್ಟರ್ ಓಡಿಸುತ್ತಿದ್ದ ಬಾಲು, ತಾಂಡಾದ ಕೇಸರಿಬಾಯಿಯ ಮಗ, ರಸ್ತೆಯ ಬದಿಗೆ ಕೂತು ಹಣೆಗೆ ಟವೆಲ್ ಒತ್ತಿಕೊಂಡಿದ್ದ. ಟವೆಲ್ ಕೆಂಪಾಗಿತ್ತು. ಯಾರೂ ಸತ್ತಿರಲಿಲ್ಲ.

ಗೇಟಿನ ಖೋಲಿಯ ಮೆಟ್ಟಿಲ ಮೇಲೆ ಸ್ವಪ್ನಾ ಕೂತಿದ್ದಳು. ಡಬ್ಬಿ ತೊಡೆಯ ಮೇಲಿತ್ತು, ಮುಚ್ಚಳ ತೆಗೆದಿರಲಿಲ್ಲ. ಅಪ್ಪಿಕೊಂಡೆ. ಅವಳ ಮೈ ಬಿಸಿಯಾಗಿತ್ತು. ಅವಳ ತಲೆಯ ಮೇಲಿಂದ ನಾನು ಗೇಟನ್ನು ನೋಡಿದೆ. ಎರಡೂ ಕಂಬಗಳು ಮುಗಿಲಿನ ಕಡೆ ನೆಟ್ಟಗೆ ನಿಂತಿದ್ದವು.

ನನ್ನ ಗಂಡ ಶರಣಬಸವ ಅಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳುತ್ತಿದ್ದರು: "ಗೇಟ್ ಹಾಕಿದ್ದೆ ನಾ. ಬಾಲೂ ಎತ್ಯಾನ. ಗೇಟ್ ಹಾಕಿದ್ದೆ."

ಬಾಲು ಟವೆಲ್ ತೆಗೆದು ಅವರ ಮುಖ ನೋಡಿದ. "ಅಣ್ಣಾರ, ಏನ್ ಮಾತಾಡ್ತೀರಿ? ಗೇಟ್ ತೆರದs ಇತ್ತ."

"ನೀ ಮದಲs ಎರಡ ಸಲ ಎತ್ತಿದಾಂವ," ಎಂದು ಯಾರೋ ಅಂದರು. ಬಾಲು ಟವೆಲ್ಲನ್ನು ಮತ್ತೆ ಹಣೆಗೆ ಒತ್ತಿಕೊಂಡ. ಅದು ನಿಜವಾಗಿತ್ತು.

ಆ ಗೇಟು ಕೆಟ್ಟು ಎರಡು ತಿಂಗಳಾಗಿತ್ತು. ಹ್ಯಾಂಡಲ್ ತಿರುಗಿಸಿ ಕಂಬ ಇಳಿಸಿದರೆ ಅದರ ತುದಿ ಕೀಲಿಯಲ್ಲಿ ಕಚ್ಚಿಕೊಳ್ಳಬೇಕು. ಕೀಲಿ ಸವೆದು ಕಚ್ಚುತ್ತಿರಲಿಲ್ಲ. ಒಬ್ಬ ಗಟ್ಟಿ ಮನುಷ್ಯ ಕೈಯಿಂದಲೇ ಎತ್ತಬಹುದಿತ್ತು. ಇನ್ನೊಂದು ತಕರಾರು ಏನೆಂದರೆ, ಒಮ್ಮೊಮ್ಮೆ ಗಾಡಿ ಹೋದ ಮೇಲೆ ಗೇಟು ತೆಗೆಯಲು ಹೋದರೆ ಹ್ಯಾಂಡಲ್ ಸಿಕ್ಕಿಕೊಂಡು ಅರ್ಧ ತಾಸು ಅಲ್ಲಾಡುತ್ತಿರಲಿಲ್ಲ. ಎರಡೂ ಕಡೆ ಕಬ್ಬಿನ ಟ್ರ್ಯಾಕ್ಟರುಗಳು, ಗೋವಿನಜೋಳದ ಟೆಂಪೋಗಳು, ಹಾಲಿನ ಗಾಡಿ ಸಾಲು ನಿಲ್ಲುತ್ತಿದ್ದವು. ಜನ ನನ್ನ ಗಂಡನಿಗೆ ಬಯ್ಯುತ್ತಿದ್ದರು, ರೈಲ್ವೆಗೆ ಬಯ್ಯುತ್ತಿದ್ದರು. ಸಹನೆ ತೀರಿದಾಗ ಇಳಿದು ಬಂದು ತಾವೇ ಎತ್ತುತ್ತಿದ್ದರು. ಎತ್ತಿದವರಲ್ಲಿ ಬಾಲುವೊಬ್ಬನೇ ಅಲ್ಲ. ಆದರೆ ಎರಡು ಸಲ ಸಿಕ್ಕಿಬಿದ್ದು ತಪ್ಪಾಯಿತೆಂದು ಬರೆದುಕೊಟ್ಟವನು ಅವನೊಬ್ಬನೇ.

ಗೇಟಿನ ಕೆಲಸಕ್ಕೆ ಬರುವ ಮೊದಲು ನನ್ನ ಗಂಡ ಗ್ಯಾಂಗಿನಲ್ಲಿ ಹಳಿ ರಿಪೇರಿ ಮಾಡುತ್ತಿದ್ದರು. ಎಡಗಾಲು ಮುರಿದ ಮೇಲೆ ಗೇಟಿಗೆ ಹಾಕಿದರು. ಈ ಕೆಲಸದ ರೀತಿ ನನಗೂ ಬಾಯಿಪಾಠ. ಹಿಂದಿನ ಸ್ಟೇಷನ್ನಿನಿಂದ ಫೋನು ಬರುತ್ತದೆ, ಗಾಡಿ ಬಿಡುತ್ತೇವೆ ಎಂದು. ಗೇಟ್‌ಮ್ಯಾನ್ ಹೊರಗೆ ಹೋಗಿ ಗೇಟು ಹಾಕಬೇಕು. ಹಾಕಿದ ಮೇಲೆ ಒಳಗೆ ಬಂದು, ತನ್ನ ಹತ್ತಿರ ಇರುವ ಹಾಳೆಯಿಂದ ಒಂದು ಗುಟ್ಟಿನ ನಂಬರ್ ಹೇಳಿ ಅದನ್ನು ಹೊಡೆದುಹಾಕಬೇಕು. ಆ ನಂಬರ್ ಹೇಳಿದರೆ ಗೇಟು ಹಾಕಿದೆ ಎಂದೇ ಅರ್ಥ. ಅದನ್ನು ಕೇಳಿದ ಮೇಲೆಯೇ ಅಲ್ಲಿಂದ ಗಾಡಿ ಹೊರಡುತ್ತದೆ. ಆ ದಿನ ಎಂಟು ಗಂಟೆ ಏಳು ನಿಮಿಷಕ್ಕೆ ನನ್ನ ಗಂಡ ನಂಬರ್ ಹೇಳಿದ್ದರು. ಎರಡೂ ಕಡೆಯ ಪುಸ್ತಕದಲ್ಲಿ ಬರೆದಿತ್ತು. ಅಂದಮೇಲೆ ಕಾಗದದ ಪ್ರಕಾರ ಗೇಟು ಹಾಕಿತ್ತು. ಹಾಕಿದ ಗೇಟು ತೆರೆದಿದ್ದರೆ ಯಾರೋ ಎತ್ತಿರಬೇಕು.

ಮಧ್ಯಾಹ್ನದೊಳಗೆ ರೈಲ್ವೆ ಪೊಲೀಸರು ಬಾಲುವನ್ನು ಕರೆದುಕೊಂಡು ಹೋದರು.

ನಾನು ನಿಟ್ಟುಸಿರು ಬಿಟ್ಟೆ, ಸುಳ್ಳು ಹೇಳುವುದಿಲ್ಲ. ಮಗಳು ಬದುಕಿದ್ದಳು, ಗಂಡನ ತಪ್ಪಿರಲಿಲ್ಲ. ಸಂಜೆ ಅತ್ತೆ ಸ್ವಪ್ನಾಗೆ ದೃಷ್ಟಿ ತೆಗೆದರು. ಒಣಮೆಣಸಿನಕಾಯಿ ಒಲೆಗೆ ಹಾಕಿದರೂ ಘಾಟು ಬರಲಿಲ್ಲ ಎಂದು, "ನೋಡ, ಎಷ್ಟ ದೃಷ್ಟಿ ಆಗಿತ್ತ ನನ್ನ ಕೂಸಿಗೆ," ಎಂದರು.

*

ಮೂರನೆಯ ದಿನ ನನ್ನ ಗಂಡ ಹುಬ್ಬಳ್ಳಿಗೆ ಹೋಗಿ ಹೇಳಿಕೆ ಕೊಟ್ಟು ಬಂದರು. ಊಟಕ್ಕೆ ಕೂತಾಗ ಅತ್ತೆ ಕೇಳಿದರು, "ಏನೇನ ಕೇಳಿದ್ರೋ?"

"ಎಲ್ಲಾ ಕೇಳಿದ್ರ. ಕೀಲಿ ಕಚ್ಚತಿದ್ದಿಲ್ಲ ಅಂದ್ರ ಗೇಟ್ ಹೆಂಗ ಭದ್ರ ಮಾಡ್ತಿದ್ದೀ ಅಂದ್ರ. ಮನಿಯಿಂದ ಸರಪಳಿ ತಂದ ಬಿಗಿತಿದ್ದೆ, ಅವತ್ತೂ ಬಿಗದಿದ್ದೆ, ಬಾಲೂ ಬಿಚ್ಯಾನ ಅಂತ ಬರಸೇನಿ."

ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತಿತು.

ಸರಪಳಿಯ ಮಾತು ಸುಳ್ಳಲ್ಲ. ಕೀಲಿ ಕೆಟ್ಟಿದೆ ಎಂದು ಅವರು ರಜಿಸ್ಟರಿನಲ್ಲಿ ಮೂರು ಸಲ ಬರೆದಿದ್ದರು. ಒಬ್ಬ ಬಂದು ಸುತ್ತಿಗೆಯಿಂದ ನಾಲ್ಕು ಏಟು ಹಾಕಿ ಚಹಾ ಕುಡಿದು ಹೋಗಿದ್ದ. ಇನ್ನೇನು ಮಾಡುವುದೆಂದು, ನಮ್ಮ ಎಮ್ಮೆಯ ಸರಪಳಿಯನ್ನು ನಾನೇ ಬಿಚ್ಚಿ ಕೊಟ್ಟಿದ್ದೆ. ಅದನ್ನು ಕಂಬಕ್ಕೆ ಸುತ್ತಿ ಬೀಗ ಹಾಕುತ್ತಿದ್ದರು. ಎಮ್ಮೆಯನ್ನು ಹಗ್ಗದಿಂದ ಕಟ್ಟುತ್ತಿದ್ದೆವು. ಅಪಘಾತದ ಹಿಂದಿನ ಸಂಜೆ ಎಮ್ಮೆ ಆ ಹಗ್ಗ ಹರಿದುಕೊಂಡು ಪಕ್ಕದವರ ಗೋವಿನಜೋಳದಲ್ಲಿ ನುಗ್ಗಿತ್ತು. ಬಯ್ಗುಳ ತಿಂದವರು ಅತ್ತೆ. "ಸರಕಾರದ ಗೇಟಿಗೆ ನಮ್ಮ ಎಮ್ಮಿ ಸರಪಳಿ ಯಾಕ? ತಂದ ಹಾಕ ಮದಲ," ಎಂದು ಮಗನಿಗೆ ಹೇಳಿದ್ದರು. ಅವರು ಡ್ಯೂಟಿ ಮುಗಿಸಿ ತಂದು ಹಾಕಿದ್ದರು. ಮರುದಿನ ಬೆಳಿಗ್ಗೆ, ಗಾಡಿ ಕೂಗುತ್ತ ಬಂದಾಗ, ಸರಪಳಿ ಎಮ್ಮೆಯ ಕೊರಳಲ್ಲಿ ಇತ್ತು. ಅದು ಝಲ್ಲೆಂದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಅತ್ತೆಗೆ ನೆನಪಾಗಲಿಲ್ಲವೋ, ನೆನಪಾಗಿಯೂ ಸುಮ್ಮನಿದ್ದರೋ, ಇವತ್ತಿಗೂ ಗೊತ್ತಿಲ್ಲ. ಪಲ್ಯ ಬಡಿಸಿಕೊಂಡು ಉಂಡರು.

ಹಾಸಿಗೆ ಹಾಕುವಾಗ ನಾನು ಮೆಲ್ಲಗೆ ಕೇಳಿದೆ. "ಏನ್ರೀ, ಅವತ್ತ ಸರಪಳಿ ಮನ್ಯಾಗ ಇತ್ತಲ್ರೀ?"

"ಇದಲ್ಲ. ಇನ್ನೊಂದ."

"ಇನ್ನೊಂದ ಯಾವುದ್ರೀ?"

"ಖೋಲ್ಯಾಗ ಹಳೇದೊಂದ ಬಿದ್ದಿತ್ತ." ಅವರು ಗೋಡೆಯ ಕಡೆ ತಿರುಗಿದರು. "ಪೊಲೀಸರಕಿಂತ ನಿಂದs ಜಾಸ್ತಿ ಆತಲ್ಲಾ."

ನಂಬಲು ನನಗೆ ಮನಸ್ಸಿತ್ತು. ಹದಿನಾಲ್ಕು ವರ್ಷ ಕೂಡಿ ಬಾಳಿದ ಮನುಷ್ಯ. ಗ್ಯಾಂಗಿನಲ್ಲಿದ್ದಾಗ ಹಳಿಯಲ್ಲಿ ಬಿರುಕು ಕಂಡು, ಕೆಂಪು ಬಟ್ಟೆ ಹಿಡಿದು ಮಳೆಯಲ್ಲಿ ಎರಡು ಕಿಲೋಮೀಟರು ಓಡಿ ಗಾಡಿ ನಿಲ್ಲಿಸಿದವರು. ಖೋಲಿಯಲ್ಲಿ ಹಳೆಯ ಸರಪಳಿಯೊಂದು ಇದ್ದಿರಬಹುದು. ಇದ್ದಿರಬಹುದು ಎಂದುಕೊಂಡೇ ಕಣ್ಣು ಮುಚ್ಚಿದೆ.

ಬೆಳಿಗ್ಗೆ ಹಿಂಡಲು ಹೋದರೆ ಎಮ್ಮೆಯ ಕೊರಳಲ್ಲಿ ಹೊಸ ಹಗ್ಗವಿತ್ತು. ಸರಪಳಿ ಇರಲಿಲ್ಲ. ಗೂಟದ ಬುಡದಲ್ಲಿ ಅದು ಬಿದ್ದಿರುತ್ತಿದ್ದ ಜಾಗ ಬೋಳಾಗಿತ್ತು.

ಹಿತ್ತಲ ಬಾಗಿಲಲ್ಲಿ ಸ್ವಪ್ನಾ ಹಲ್ಲುಜ್ಜುತ್ತ ನಿಂತಿದ್ದಳು. ಅವಳು ಎಮ್ಮೆಯ ಕೊರಳು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

"ಅವ್ವಾ..."

"ಏನವ್ವಾ?"

ಬಾಯಿಯ ನೊರೆ ಉಗುಳಿದಳು. "ಏನಿಲ್ಲ."

"ಬಾಯಿ ಮುಕ್ಕಳಿಸಿ ಬಾ. ಜಡಿ ಹಾಕ್ತೇನಿ." ಅಷ್ಟೇ ಅಂದೆ. ಅವಳು ಏನೋ ಕೇಳುತ್ತಿದ್ದಾಳೆಂದು ಗೊತ್ತಿದ್ದೂ ಬಾಚಣಿಕೆ ಹುಡುಕಿದೆ.

*

ಆಮೇಲಿನ ದಿನಗಳಲ್ಲಿ ನಾನು ಬಾಲುವಿನ ಮೇಲೆ ಅನುಮಾನ ಬೆಳೆಸಲು ನೋಡಿದೆ. ಕಟ್ಟಿಗೆ ಒಡೆಯುವಾಗ, ಬಟ್ಟೆ ಒಗೆಯುವಾಗ ಅವನ ತಪ್ಪುಗಳನ್ನು ಎಣಿಸಿಕೊಂಡೆ. ಹಾಡು ಜೋರಾಗಿ ಹಚ್ಚಿಕೊಂಡು ಓಡಿಸುತ್ತಾನೆ. ಒಮ್ಮೆ ನಮ್ಮ ಕೋಳಿಯ ಮೇಲೆ ಹಾಯಿಸಿದ್ದ. ಎರಡು ಸಲ ಗೇಟು ಎತ್ತಿದವನು ಮೂರನೆಯ ಸಲ ಎತ್ತಿರಲಾರನೇ? ಸರಪಳಿ ಇಲ್ಲದೆ ಗೇಟು ಹಾಕಿದ್ದರೂ ಹಾಕಿದ್ದೇ ಅಲ್ಲವೇ? ಸರಪಳಿಯ ಮಾತನ್ನು ಗಂಡ ಹೆದರಿಕೆಗೆ ಸೇರಿಸಿರಬಹುದು, ಉಳಿದದ್ದು ನಿಜವಿರಬಹುದು. ಹೀಗೆ ಒಂದು ದಾರಿ ಸಿಕ್ಕಿದ ಹಾಗಾಗಿ ಎದೆ ಹಗುರವಾಗುತ್ತಿತ್ತು. ಬಟ್ಟೆ ಹಿಂಡಿ ಮೇಲೇಳುವಷ್ಟರಲ್ಲಿ ಮತ್ತೆ ಭಾರವಾಗುತ್ತಿತ್ತು.

ಬಾಲುವಿಗೆ ಜಾಮೀನು ಸಿಕ್ಕಿತು. ಕೇಸು ಹಾಗೇ ಉಳಿಯಿತು. ಜೈಲಾಗುತ್ತದೆ ಎಂದು ಊರೆಲ್ಲ ಮಾತಾಡಿತು. "ತಾಂಡಾದ ಹುಡುಗರಿಗೆ ಸ್ಟೇರಿಂಗ್ ಕೊಟ್ಟದ್ದs ತಪ್ಪ," ಎಂದು ಹಿಟ್ಟಿನ ಗಿರಣಿಯಲ್ಲಿ ಅಂದವರಿಗೆ ನಾನು ಏನೂ ಹೇಳದೆ ಹಿಟ್ಟು ತುಂಬಿಕೊಂಡು ಬಂದೆ.

ಹತ್ತನೆಯ ದಿನ ಕೇಸರಿಬಾಯಿ ನಮ್ಮ ಮನೆಗೆ ಬಂದಳು. ಹಿತ್ತಲ ಕಡೆಯಿಂದ ಬಂದಳು, ಸೆರಗಿನಲ್ಲಿ ಒಂದಿಷ್ಟು ಹಸಿ ಕಡಲೆ ಕಟ್ಟಿಕೊಂಡು. ಅತ್ತೆ ಅವಳನ್ನು ಕಂಡವರೇ ಎದ್ದು ನಿಂತರು.

"ಏನ್ ಬಂದಿ? ಮಗಾ ಬಂದ್ನಲ್ಲ ಮನಿಗೆ."

"ಬಂದಾನ್ರೀ ಈರಕ್ಕಾರ. ಊಟಾ ಬಿಟ್ಟಾನ." ಅವಳು ಕಟ್ಟೆಯ ಮೇಲೆ ಕೂರದೆ ಕೆಳಗೆ ಕೂತಳು. "ನಾ ಜಗಳಕ್ಕ ಬಂದಿಲ್ರೀ. ಒಂದ ಮಾತ ಕೇಳಾಕ ಬಂದೇನಿ."

"ಗೇಟ್ ಎತ್ತಿದ್ದಕ್ಕ ಏನ್ ಮಾತ ಉಳದೈತಿ?"

"ಎತ್ಯಾನ್ರೀ. ಎರಡ ಸಲ ಎತ್ಯಾನ. ಅದನ್ನ ನಾ ಇಲ್ಲಂದ್ರ ನನ್ನ ಬಾಯಾಗ ಹುಳಾ ಬೀಳ್ಲಿ. ಈ ಸಲ ಎತ್ತಿಲ್ಲಂತಾನ. ಹೊಡದೆ, ಬಡದೆ, ಎತ್ತಿಲ್ಲs ಅಂತಾನ."

"ಕಳ್ಳ ಎಂದಾರ ಕದ್ದೇನಿ ಅಂದಾನೇನ?"

ಕೇಸರಿಬಾಯಿ ಅತ್ತೆಯ ಮಾತನ್ನು ಕೇಳಿಸಿಕೊಂಡೂ ನನ್ನ ಕಡೆ ತಿರುಗಿದಳು. "ತಂಗೀ, ನಿನ್ನ ಮಗಳು ಅಲ್ಲೇ ಇದ್ಳಂತ. ವ್ಯಾನಿನ ಪರಸಪ್ಪ ಹೇಳಿದ. ಅವನ ವ್ಯಾನ್ ದೂರ ಬರೂಮುಂದ, ಕೂಸು ಮೆಟ್ಟಿಲ ಮ್ಯಾಲ ನಿಂತಿತ್ತಂತ."

ನಾನು ತಟ್ಟನೆ ಅಂದೆ, "ಅಕಿ ಸಣ್ಣಾಕಿ. ಅಕಿಗೇನ ತಿಳೀತೈತಿ?"

"ಗೇಟ್ ಬಿದ್ದದ್ದ, ಎದ್ದದ್ದ ತಿಳಿಯಂಗಿಲ್ಲೇನ್ವಾ ಎಂಟ ವರ್ಷದಾಕಿಗೆ?"

ಅವಳು ಹಾಗೆ ಅಂದು ಕೊಟ್ಟಿಗೆಯ ಕಡೆ ನೋಡಿದಳು. ಎಮ್ಮೆಯ ಕೊರಳ ಸುತ್ತ ಸರಪಳಿ ಉಜ್ಜಿ ಕೂದಲು ಹೋದ ಗುರುತು ಇನ್ನೂ ಹಸಿಯಾಗಿತ್ತು. ಅವಳು ನೋಡಿದ್ದು ಅದನ್ನೇ ಎಂದು ನನಗೆ ಅನ್ನಿಸಿತು. ಬೇಕೆಂದೇ ಈ ಬದಿಯಿಂದ ಬಂದಳೇ? ಅಥವಾ ಬಡವರು ಹಿತ್ತಲಿಂದ ಬರುವ ಹಾಗೆ ಬಂದಳೇ? ಈಗ ಯಾರನ್ನು ನೋಡಿದರೂ ನನಗೆ ಹೀಗೇ ಅನುಮಾನ ಬರುತ್ತಿತ್ತು. ಕಡಲೆಯನ್ನು ಕಟ್ಟೆಯ ಮೇಲೆ ಸುರಿದು, "ಕೂಸಿಗೆ ಸುಟ್ಟ ಕೊಡ," ಎಂದು ಹೊರಟುಹೋದಳು. ಅತ್ತೆ ಆ ಕಡಲೆ ಮುಟ್ಟಬೇಡವೆಂದರು. "ಏನ್ ಮಾಡಿಸ್ಕೊಂಡ ಬಂದಾಳೋ ಏನೋ."

ನಾನು ಸುಟ್ಟು ಸ್ವಪ್ನಾಗೆ ಕೊಟ್ಟೆ. ಅವಳು ಒಂದೊಂದೇ ಸುಲಿದು ತಿಂದಳು. ಯಾರು ಕೊಟ್ಟರು ಎಂದು ಕೇಳಲಿಲ್ಲ.

*

ಭಾನುವಾರ ನಾನು ಅಂಗಳ ಸಾರಿಸುತ್ತಿದ್ದೆ. ಸ್ವಪ್ನಾ ಕಟ್ಟೆಯ ಕೆಳಗೆ ಆಡುತ್ತಿದ್ದಳು. ಎರಡು ಇಟ್ಟಂಗಿ ನಿಲ್ಲಿಸಿ ಅವುಗಳ ನಡುವೆ ಕಸಬರಿಗೆಯ ಕಡ್ಡಿಯ ಗೇಟು ಮಾಡಿದ್ದಳು. ಬೆಂಕಿಪೆಟ್ಟಿಗೆಗಳ ಸಾಲು ರೈಲು. ಒಂದು ಸಾಬೂನಿನ ಡಬ್ಬಿ ವ್ಯಾನು. ಕಿವಿಗೆ ಕೈ ಹಚ್ಚಿಕೊಂಡು, ಅಪ್ಪನ ದನಿಯಲ್ಲಿ ಮಾತಾಡುತ್ತಿದ್ದಳು.

"ಹಲೋ... ಹೌದ್ರೀ ಸಾಹೇಬ್ರ... ಗೇಟ್ ಹಾಕೇನ್ರೀ. ನಂಬರ್ ನಲವತ್ತಾರ. ನಾಲ್ಕು, ಆರು."

ಕಡ್ಡಿ ಇನ್ನೂ ಮೇಲೆಯೇ ಇತ್ತು. ಅವಳು ಮಣ್ಣಿನಲ್ಲಿ ಒಂದು ಗೆರೆ ಹೊಡೆದಳು, ನಂಬರ್ ಹೊಡೆದುಹಾಕಿದ ಹಾಗೆ. ಸಾಬೂನಿನ ಡಬ್ಬಿಯನ್ನು ದೂರದಿಂದ ನಿಧಾನವಾಗಿ ದೂಡುತ್ತ ತಂದು ಗೇಟು ದಾಟಿಸಿದಳು. ಆಮೇಲೆ ಕಡ್ಡಿ ಇಳಿಸಿದಳು.

ಸಗಣಿಯ ಕೈಯಲ್ಲೇ ನಾನು ಅವಳ ಹತ್ತಿರ ಕೂತೆ. "ಸ್ವಪ್ನಾ, ಮದಲ ಗೇಟ್ ಹಾಕಬೇಕಲ್ಲವಾ? ಆಮ್ಯಾಲ ನಂಬರ್."

"ಅಪ್ಪಾ ಹಿಂಗs ಮಾಡ್ತಾನ."

"ದಿನಾಲೂ?"

"ವ್ಯಾನ್ ತಡಾ ಆದಾಗಷ್ಟs." ಬೆಂಕಿಪೆಟ್ಟಿಗೆಗಳನ್ನು ಸರಿಯಾಗಿ ಜೋಡಿಸುತ್ತ ಅಂದಳು, "ಗೇಟ್ ಬಿದ್ರ ಮ್ಯಾಲ ಏಳಂಗಿಲ್ಲಲ್ಲ. ಟೀಚರ್ ಹೊರಗ ನಿಂದರಸ್ತಾರ."

ಅದನ್ನು ಕೇಳಿ ನಾನು ಅಲ್ಲಿಂದ ಎದ್ದು ಬಂದೆ. ತೊಟ್ಟಿಯ ನೀರಿನಲ್ಲಿ ಕೈ ತೊಳೆಯುತ್ತ ನಿಂತೆ. ಸಗಣಿ ಹೋಗಿ ಎಷ್ಟೋ ಹೊತ್ತಾಗಿತ್ತು, ಆದರೂ ತೊಳೆಯುತ್ತಲೇ ಇದ್ದೆ. ಅವಳನ್ನು ಶಾಲೆಯಲ್ಲಿ ಹೊರಗೆ ನಿಲ್ಲಿಸಿದಾಗ ಅತ್ತುಕೊಂಡು ಬಂದಿದ್ದಳು. ನಾಲ್ಕು ಸಲ ಹಾಗಾಗಿತ್ತು. ಆಗ ಗಂಡನಿಗೆ ಹೇಳಿದವಳು ನಾನೇ. "ನಿಮ್ಮ ಗೇಟ್ ಅಲ್ಲೇನ್ರೀ? ವ್ಯಾನ್ ದಾಟೂತನ ತಡದ ಹಾಕಿದ್ರ ಏನಾಕ್ಕೈತಿ?" ಎಂದಿದ್ದೆ. ಅವರು, "ಹಂಗ ಬರಂಗಿಲ್ಲ," ಎಂದಿದ್ದರು. ನಾನು ಮುಖ ತಿರುಗಿಸಿದ್ದೆ. ಎರಡು ದಿನ ಸರಿಯಾಗಿ ಮಾತಾಡಿರಲಿಲ್ಲ. ಆಮೇಲೆ ಸ್ವಪ್ನಾ ಶಾಲೆಯಿಂದ ಅಳದೆ ಬರತೊಡಗಿದಳು. ಹೇಗೆ ಎಂದು ನಾನು ಕೇಳಲಿಲ್ಲ. ನನಗೆ ಅಷ್ಟೇ ಸಾಕಾಗಿತ್ತು.

ಆ ದಿನ ಏನಾಯಿತೆಂದು ಮಾತ್ರ ಅವಳನ್ನು ಕೇಳಲಿಲ್ಲ. ಕೇಳಿದರೆ ಹೇಳಿಬಿಡುತ್ತಾಳೆ ಎಂದು ಹೆದರಿದೆ. ವ್ಯಾನಿಗೆ ಕಾಯುತ್ತ ನಿಂತ ಗೇಟು, ವ್ಯಾನಿಗಿಂತ ಮೊದಲು ಬಂದ ಟ್ರ್ಯಾಕ್ಟರು. ಹಾಗೇ ಆಗಿದ್ದರೆ? ಇಲ್ಲ, ಆ ದಿನ ಹಾಕಿದ್ದರೂ ಹಾಕಿದ್ದಿರಬಹುದು, ಬಾಲು ಎತ್ತಿದ್ದರೂ ಎತ್ತಿದ್ದಿರಬಹುದು. ಕಣ್ಣಾರೆ ಕಂಡವಳು ಒಬ್ಬಳೇ ಇದ್ದಳು, ಅವಳು ನನ್ನ ಮಗ್ಗುಲಲ್ಲಿ ಮಲಗುತ್ತಿದ್ದಳು. ನಿದ್ದೆಯಲ್ಲಿ ಒಮ್ಮೊಮ್ಮೆ ನನ್ನ ಬೆರಳು ಹಿಡಿಯುತ್ತಿದ್ದಳು.

*

ಗುರುವಾರ ವಿಚಾರಣೆಗೆ ರೈಲ್ವೆಯ ಸಾಹೇಬರು ಮನೆಗೆ ಬರುತ್ತಾರೆಂದು ಸುದ್ದಿ ಬಂತು. ಮಗು ಅಲ್ಲಿತ್ತೆಂದು ಪರಸಪ್ಪ ಅವರಿಗೂ ಹೇಳಿದ್ದ.

ಬುಧವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ನನ್ನ ಗಂಡ ಸ್ವಪ್ನಾಳನ್ನು ತೊಡೆಯ ಮೇಲೆ ಕೂರಿಸಿಕೊಂಡರು. ನಾನು ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ನಡುವೆ ಒಂದು ಗೋಡೆ ಅಷ್ಟೇ, ಬಾಗಿಲಿಗೆ ಕದವಿಲ್ಲ.

"ಸಾಹೇಬ್ರ ಏನ್ ಕೇಳ್ತಾರ ಗೊತ್ತನ? ಗೇಟ್ ಹಾಕಿತ್ತೇನ ಅಂತಾರ. ನೀ ಏನಂತೀ?"

ಅವರೇ ಹೇಳಿಕೊಟ್ಟರು.

"ಹಾಕಿತ್ರೀ ಅನ್ಬೇಕ. ಅಪ್ಪಾ ಸರಪಳಿ ಬಿಗದಿದ್ದ, ಮಾಮಾ ಬಂದ ಎತ್ತಿದ ಅನ್ಬೇಕ. ಅಷ್ಟs. ಅನ್ನ ನೋಡೂಣು."

"ಹಾಕಿತ್ರೀ," ಎಂದಳು ಸ್ವಪ್ನಾ.

"ಆಮ್ಯಾಲ?"

"ಅಪ್ಪಾ ಸರಪಳಿ ಬಿಗದಿದ್ದ."

"ಆಮ್ಯಾಲ?"

ಸಾಸಿವೆ ಸಿಡಿದು ಕಪ್ಪಾಯಿತು. ನಾನು ಒಲೆಯಿಂದ ಇಳಿಸಲಿಲ್ಲ.

"ಬಾಲೂ ಮಾಮಾ ಎತ್ತಿದ," ಎಂದಳು, ಪಾಠ ಒಪ್ಪಿಸುವ ಹಾಗೆ.

"ಶಾಣ್ಯಾಕಿ ನನ್ನ ಮಗಳು." ಅವರ ದನಿ ಒಡೆದಿತ್ತು. "ಅಪ್ಪನ ಕೆಲಸ ಹೋದ್ರ ನಿನ್ನ ಶಾಲಿ ಇಲ್ಲ, ವ್ಯಾನ್ ಇಲ್ಲ, ಏನೂ ಇಲ್ಲ ನೋಡವಾ."

ನಾನು ಹೊರಗೆ ಹೋಗಿ ನಿಲ್ಲಿಸಬಹುದಿತ್ತು. ಹೋಗಲಿಲ್ಲ. ಆ ಮನುಷ್ಯನ ಕುಂಟು ಕಾಲು, ನಾಳೆ ಯಾರು ಕೆಲಸ ಕೊಡುತ್ತಾರೆ ಎಂಬ ಯೋಚನೆ ನನ್ನನ್ನು ಒಲೆಯ ಮುಂದೆ ಹಿಡಿದು ನಿಲ್ಲಿಸಿತು. ಊಟದ ಹೊತ್ತಿಗೆ ಅತ್ತೆ, "ಸಾರ ಹೊತ್ತೇತಲ್ಲ," ಎಂದು ಮೂಸಿದರು.

ಗುರುವಾರ ಹತ್ತು ಗಂಟೆಗೆ ಸಾಹೇಬರು ಬಂದರು. ಹೆಸರು ಮಹಾಬಳೇಶ್ವರ, ಮಾತು ಶಿರಸಿ ಕಡೆಯದು. ವಯಸ್ಸಾದವರು, ಗಡಿಬಿಡಿ ಇಲ್ಲದವರು. ಕಟ್ಟೆಯ ಮೇಲೆ ಕೂತು, ನನ್ನ ಗಂಡ ಒಪ್ಪಿಸಿದ್ದ ಸರಪಳಿಯನ್ನು ಚೀಲದಿಂದ ಹೊರಗೆ ತೆಗೆದು ಹಾಸಿನ ಮೇಲೆ ಇಟ್ಟರು. ಮೂಗಿನ ಹತ್ತಿರ ಹಿಡಿದು ನೋಡಿ ಕೆಳಗಿಟ್ಟರು.

"ಸಗಣಿ ವಾಸನೆ ಇದೆ," ಎಂದರು.

"ಎಮ್ಮಿ ಸರಪಳಿ ರೀ ಸಾಹೇಬ್ರ," ಎಂದರು ನನ್ನ ಗಂಡ. "ರೈಲ್ವೆದಾವ್ರ ಕೀಲಿ ಮಾಡಿಸಿಕೊಡ್ಲಿಲ್ಲ, ಅದಕ್ಕs ಮನೀದ ಹಾಕಿದ್ದೆ."

"ರಜಿಸ್ಟರ್ ನೋಡಿದೆ. ಮೂರು ಸಲ ಬರೆದಿದ್ದೀರಿ. ಅದರಲ್ಲಿ ನಮ್ಮದೂ ತಪ್ಪಿದೆ, ಅದನ್ನೂ ಬರೆಯುತ್ತೇನೆ." ಅವರು ನನ್ನ ಕಡೆ ತಿರುಗಿದರು. "ತಂಗೀ, ಇದನ್ನ ಯಾವಾಗ ಕೊಟ್ರಿ?"

ಚಹಾದ ಕಪ್ಪು ಅವರ ಮುಂದಿಡುತ್ತ ನಾನು ಹೇಳಿದೆ, "ಎರಡ ತಿಂಗಳಾತ್ರೀ."

ಅದು ನಿಜ. ಸುಳ್ಳಿಲ್ಲ ಅದರಲ್ಲಿ. ನನ್ನ ಗಂಡನ ಭುಜ ಸ್ವಲ್ಪ ಇಳಿದದ್ದನ್ನು ಕಂಡೆ. ಅತ್ತೆ ನೆಲ ನೋಡುತ್ತಿದ್ದರು. ಸ್ವಪ್ನಾ ಮಾತ್ರ ಕಂಬಕ್ಕೆ ಒರಗಿ ನಿಂತು ನನ್ನನ್ನೇ ನೋಡುತ್ತಿದ್ದಳು. ಅಪಘಾತದ ಹಿಂದಿನ ಸಂಜೆ ಸರಪಳಿ ಮನೆಗೆ ಬಂದದ್ದು, ಮರುದಿನ ಬೆಳಿಗ್ಗೆ ಎಮ್ಮೆಯ ಕೊರಳಲ್ಲಿ ಇದ್ದದ್ದು, ಆಮೇಲೆ ಮಾಯವಾದದ್ದು, ಎಲ್ಲವೂ ಅವಳಿಗೆ ಗೊತ್ತಿತ್ತು. ಅವ್ವ ಎಷ್ಟು ಹೇಳಿದಳು, ಎಷ್ಟು ನುಂಗಿದಳು ಎಂದು ಅವಳು ಅಳೆಯುತ್ತಿದ್ದ ಹಾಗಿತ್ತು.

ಅಷ್ಟರಲ್ಲಿ ಅಂಗಳದ ಹೊರಗೆ ಬೇಲಿಯ ಹತ್ತಿರ ಬಾಲು ನಿಂತದ್ದು ಕಂಡಿತು. ಸಾಹೇಬರೇ ಬರಹೇಳಿದ್ದರಂತೆ. ಹಣೆಯ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ. ಎರಡು ವಾರದಲ್ಲಿ ಕೆನ್ನೆ ಒಳಗೆ ಹೋಗಿತ್ತು. ಒಳಗೆ ಬಾ ಎಂದು ನಾವು ಯಾರೂ ಅನ್ನಲಿಲ್ಲ, ಅವನೂ ಬರಲಿಲ್ಲ.

"ಬಾ ಪುಟ್ಟೀ," ಎಂದರು ಸಾಹೇಬರು. "ಹೆದರಬೇಡ. ನಾನು ಹೊಡೆಯುವುದಿಲ್ಲ, ಬಯ್ಯುವುದಿಲ್ಲ. ಎಷ್ಟನೇ ಕ್ಲಾಸು?"

"ಮೂರನೇದ್ರೀ."

"ಆ ದಿನ ನೀನು ಗೇಟಿನ ಹತ್ತಿರ ಇದ್ದೆಯಲ್ಲ?"

"ಹೌದ್ರೀ."

"ಎಲ್ಲಿ ನಿಂತಿದ್ದೆ?"

"ಮೆಟ್ಟಿಲ ಮ್ಯಾಲ. ಅಪ್ಪಾ ವ್ಯಾನ್ ಬಂತೇನ ನೋಡು ಅಂದಿದ್ದ."

ನನ್ನ ಗಂಡ ಕೆಮ್ಮಿದರು. ಅದು ಬುಧವಾರದ ಪಾಠದಲ್ಲಿ ಇರಲಿಲ್ಲ. ಸಾಹೇಬರು ಪೆನ್ನಿನ ಟೋಪಿ ತೆಗೆದರು, ಆದರೆ ಬರೆಯಲಿಲ್ಲ.

"ಸರಿ. ರೈಲು ಬರುವಾಗ ಗೇಟು ಹಾಕಿತ್ತಾ, ತೆರೆದಿತ್ತಾ?"

ಸ್ವಪ್ನಾ ಬಾಯಿ ತೆರೆದಳು. "ಹಾಕಿ..." ಎಂದು ನಿಂತಳು. ಅಪ್ಪನ ಕಡೆ ನೋಡಿದಳು. ಅವರು ಮೆಲ್ಲಗೆ ತಲೆ ಆಡಿಸಿದರು, ಹೇಳು, ಹೇಳು ಎನ್ನುವ ಹಾಗೆ. ಅವಳು ಬೇಲಿಯ ಕಡೆ ನೋಡಿದಳು. ಬಾಲು ಅವಳನ್ನು ನೋಡುತ್ತಿರಲಿಲ್ಲ. ಅವನು ತನ್ನ ಚಪ್ಪಲಿ ನೋಡುತ್ತ ನಿಂತಿದ್ದ.

"ಹೇಳವ್ವಾ," ಎಂದರು ಅತ್ತೆ. "ಹೇಳಿ ಮುಗಿಸ."

ಸ್ವಪ್ನಾ ಕಂಬ ಬಿಟ್ಟು ಬಂದು ನನ್ನ ಸೆರಗು ಹಿಡಿದಳು. ಇಷ್ಟು ದಿನ ಹಲ್ಲುಜ್ಜುವಾಗ, ಜಡೆ ಹಾಕುವಾಗ, ಮಲಗುವಾಗ ಬಾಯಿಗೆ ಬಂದು ಹಿಂದಿರುಗಿದ ಮಾತು ಅವಳ ಮುಖದಲ್ಲಿ ಬಂದು ನಿಂತಿತ್ತು. ಈ ಸಲ ಬಾಚಣಿಕೆ ಹುಡುಕಲು ನನಗೆ ಜಾಗ ಇರಲಿಲ್ಲ. ನಾನು ಮೊಣಕಾಲೂರಿ ಅವಳ ಎತ್ತರಕ್ಕೆ ಕೂತೆ.

"ಕೇಳವ್ವಾ," ಎಂದೆ. "ಏನ್ ಕೇಳ್ಬೇಕಂತೀ, ಕೇಳು."

ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಸ್ವಪ್ನಾ ಕೇಳಿದಳು:

"ಅವ್ವಾ, ಅಪ್ಪಾ ಹೇಳಿಕೊಟ್ಟದ್ದ ಹೇಳಲ್ಯೋ, ನಾ ನೋಡಿದ್ದ ಹೇಳಲ್ಯೋ?"